ರಷ್ಯಾದಮ್ಮ ಕೊಟ್ಟ ಟೀ ಸೆಟ್ಟು

ಬೆಳಿಗ್ಗೆ ಎದ್ದಾಗಿನಿಂದ ಬದರಿನಾಥನ ತಲೆಯಲ್ಲಿ ಒಂದೇ ವಾಕ್ಯ ಸುತ್ತುತ್ತಿತ್ತು: ನಮ್ಮಲ್ಲಿ ಮಗಳನ್ನು ಧಾರೆ ಎರೆದು ಕೊಡುತ್ತಾರೆ, ಅದು ಇವಳ ತಾಯಿಯ ಆಸೆ, ದಯವಿಟ್ಟು ಒಪ್ಪಿಕೊಳ್ಳಿ. ಕನ್ನಡದಲ್ಲಾದರೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೆ ಇದನ್ನು ಮಧ್ಯಾಹ್ನ ಟೀಗೆ ಬರಲಿರುವ ನೀನಾ ಲ್ವೋವ್ನಾ ಎಂಬ ಮುದುಕಿಗೆ ರಷ್ಯನ್ ಭಾಷೆಯಲ್ಲಿ ಹೇಳಬೇಕಿತ್ತು. ಗಡ್ಡ ಹೆರೆಯುತ್ತಾ ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದ. ಮೂವತ್ತು ವರ್ಷ ಮೂಲೆಗೆ ಬಿದ್ದಿದ್ದ ಭಾಷೆ ಅದು. ಅದರಲ್ಲಿ ಅವನಿಗೆ ಈಗ ಉಳಿದಿದ್ದದ್ದು ಸಂತೆಯ ಮಾತು, ಒಂದಷ್ಟು ಬೈಗುಳ, ಪಾರ್ಟಿಗಳಲ್ಲಿ ಜನರನ್ನು ನಗಿಸಲು ಇಟ್ಟುಕೊಂಡಿದ್ದ ನಾಲ್ಕಾರು ತುಣುಕುಗಳು. ಬೇಡಿಕೊಳ್ಳುವ ಮಾತು ಒಂದೂ ನಾಲಿಗೆಗೆ ಬರಲಿಲ್ಲ. ಆ ಭಾಷೆ ಕಲಿತ ಲೆನಿನ್‌ಗ್ರಾಡಿನಲ್ಲಿ ತಾನು ಯಾರನ್ನೂ ಏನನ್ನೂ ಬೇಡಿಕೊಂಡವನೇ ಅಲ್ಲ ಎಂದು ಹೊಳೆದಾಗ ಬ್ಲೇಡು ಕೆನ್ನೆಯ ಮೇಲೆ ನಿಂತಿತು. ಕೆಳಗಿನಿಂದ ವಸಂತಲಕ್ಷ್ಮಿ ಕೂಗಿದಳು: ‘ರೀ, ಬೇಗ ಇಳಿದು ಬನ್ನಿ. ಶೋಕೇಸಿಂದ ಆ ಸೆಟ್ ನೀವೇ ತೆಗೀಬೇಕು. ನಂಗೆ ಕೈ ನಡುಗತ್ತೆ.’

ಮಗಳು ಅಕ್ಷಯಾ ಆಂಟನ್ ಎಂಬ ಹುಡುಗನನ್ನು ಮದುವೆಯಾಗಲು ನಿಶ್ಚಯಿಸಿದ್ದಳು. ಹುಡುಗ ಇಲ್ಲೇ, ಈ ಡಾಲರಿನ ನಾಡಿನ ಬೆಲ್‌ವ್ಯೂನಲ್ಲಿ ಹುಟ್ಟಿದವನು. ಅವನ ಮನೆಯವರು ಲೆನಿನ್‌ಗ್ರಾಡಿನಿಂದ ಬಂದವರು. ಅಪ್ಪ ಅಮ್ಮ ಪಕ್ಕದ ಊರು ಟಕ್ವಿಲಾದಲ್ಲಿ ನೆಲದ ಟೈಲ್ಸಿನ ಗೋದಾಮು ಇಟ್ಟುಕೊಂಡಿದ್ದರು. ಮದುವೆ ಹೇಗೆ ಎಂದು ಕೇಳಿದರೆ ಇಬ್ಬರೂ ಒಂದೇ ಮಾತು ಹೇಳಿದ್ದರು, ಅಜ್ಜಿಯನ್ನು ಕೇಳಿ. ಅಜ್ಜಿ ನೀನಾ ಲ್ವೋವ್ನಾಳ ಪ್ರಕಾರ ಮದುವೆ ಎಂದರೆ ಕೋರ್ಟಿನಲ್ಲಿ ಸಹಿ, ಆಮೇಲೆ ಊಟ. ಅಕ್ಷಯಾಳಿಗೆ ಎರಡೂ ಒಂದೇ. ‘ಅಮ್ಮಾ, ಐ ಆಮ್ ಫೈನ್ ಈದರ್ ವೇ,’ ಎಂದಿದ್ದಳು, ಫೋನಿನಿಂದ ತಲೆ ಎತ್ತದೆ. ಎರಡೂ ಒಂದೇ ಅಲ್ಲದಿದ್ದದ್ದು ವಸಂತಲಕ್ಷ್ಮಿಗೆ ಮಾತ್ರ. ಅವಳ ಮದುವೆ ಆದದ್ದು ಮೈಸೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಬದರಿನಾಥನಿಗೆ ವೀಸಾದ ಅವಸರ. ಅವಳ ಅಪ್ಪ ಒಂದು ತಾಮ್ರದ ಗಿಂಡಿಯನ್ನು ಚೀಲದಲ್ಲಿಟ್ಟುಕೊಂಡು ಆ ಆಫೀಸಿನ ಕಾರಿಡಾರಿನಲ್ಲಿ ನಿಂತೇ ಇದ್ದರು. ಒಂದು ನಿಮಿಷ ಆ ಮರದ ಕೆಳಗಾದರೂ ನೀರು ಬಿಟ್ಟುಕೊಡುತ್ತೇನೆ ಎಂದು ಎರಡು ಸಲ ಕೇಳಿದರು. ಬದರಿನಾಥ ಗಡಿಯಾರ ನೋಡಿದ್ದ. ಆ ಗಿಂಡಿ ಚೀಲದಿಂದ ಹೊರಗೆ ಬರಲೇ ಇಲ್ಲ. ಮರುವರ್ಷ ಅವರು ಹೋಗಿಬಿಟ್ಟರು. ವಸಂತಲಕ್ಷ್ಮಿ ಈ ಬಗ್ಗೆ ಒಂದು ದಿನವೂ ಮಾತೆತ್ತಿದವಳಲ್ಲ. ಕಳೆದ ವಾರ ರೊಟ್ಟಿ ತಟ್ಟುತ್ತಾ ಹೇಳಿದ್ದಳು ಅಷ್ಟೆ: ‘ಬಾಥೆಲ್ ದೇವಸ್ಥಾನದಲ್ಲಿ ಎರಡೇ ಎರಡು ಗಂಟೆ ಕಣ್ರೀ. ನಾನು ನೀರು ಬಿಡ್ತೀನಿ, ನೀವು ಕೈ ಹಿಡೀರಿ. ಆ ಅಜ್ಜಿ ಹತ್ರ ನೀವೇ ಮಾತಾಡಿ. ಇಷ್ಟು ವರ್ಷ ರಷ್ಯಾ ರಷ್ಯಾ ಅಂತ ಊರನ್ನೆಲ್ಲ ನಗಿಸಿದೀರಲ್ಲ, ಒಂದ್ಸಲ ನನ್ನ ಉಪಯೋಗಕ್ಕೆ ಬರ್ಲಿ.’

ಅವನು ಶೋಕೇಸಿನ ಗಾಜು ಸರಿಸಿದ. ಬಿಳಿಯ ಪಿಂಗಾಣಿಯ ಮೇಲೆ ದಟ್ಟ ನೀಲಿಯ ಬಲೆ, ಬಲೆಯ ಗಂಟುಗಂಟಿಗೂ ಒಂದು ಚಿನ್ನದ ಚುಕ್ಕಿ. ಕಪ್ಪು, ಬಸಿ, ಸಕ್ಕರೆ ಬಟ್ಟಲು, ಹೊಟ್ಟೆ ದಪ್ಪಗಿನ ಟೀಪಾಟು. ಇಡೀ ಮನೆಯಲ್ಲಿ ಕಾಸ್ಟ್‌ಕೊ ಅಂಗಡಿಯಿಂದ ಬಾರದ ವಸ್ತು ಇದೊಂದೇ ಎಂದು ಅಕ್ಷಯಾ ತಮಾಷೆ ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ಇದೇ ಗಾಜಿಗೆ ಮೂಗು ಒತ್ತಿ ನಿಂತು, ರಷ್ಯಾದಮ್ಮನ ಕಥೆ ಹೇಳು ಎಂದು ಪೀಡಿಸುತ್ತಿದ್ದಳು. ಅವಳು ಕನ್ನಡದಲ್ಲಿ ಕೇಳುತ್ತಿದ್ದ ಕಥೆ ಅದೊಂದೇ. ಲೆನಿನ್‌ಗ್ರಾಡಿನಲ್ಲಿ ಓದುವಾಗ ಅಪ್ಪ ಒಬ್ಬ ಅಮ್ಮನ ಮನೆಯಲ್ಲಿ ರೂಮು ಹಿಡಿದಿದ್ದ. ಆ ಅಮ್ಮನಿಗೆ ಮಕ್ಕಳಿರಲಿಲ್ಲ. ಅಂಗಡಿಗಳಲ್ಲಿ ಏನೂ ಸಿಗದ ಕಾಲ. ಆಗ ಅಪ್ಪನೂ ಆ ಅಮ್ಮನೂ ಒಂದೇ ಬ್ರೆಡ್ಡನ್ನು ಅರ್ಧ ಮಾಡಿ ತಿಂದರು. ಅಪ್ಪ ಹೊರಡುವ ದಿನ ಆ ಅಮ್ಮ ಅಳುತ್ತಾ ಬೀರುವಿನಿಂದ ಈ ಸೆಟ್ಟು ತೆಗೆದುಕೊಟ್ಟು, ನಿನ್ನ ಮದುವೆಗೆ ಎಂದಳು. ಕಥೆ ಇಷ್ಟೆ. ಪ್ರತಿ ಸಲ ಈ ಜಾಗಕ್ಕೆ ಬಂದಾಗ ವಸಂತಲಕ್ಷ್ಮಿಯ ಕಣ್ಣು ಒದ್ದೆಯಾಗುತ್ತಿತ್ತು. ವರ್ಷಕ್ಕೊಂದು ಸಲ, ಯುಗಾದಿಯ ಹಿಂದಿನ ದಿನ, ಅವಳು ಆ ಕಪ್ಪುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ ಇಡುತ್ತಿದ್ದಳು. ಅದರಲ್ಲಿ ಟೀ ಕುಡಿದವರಿಲ್ಲ. ರಷ್ಯಾದಿಂದ ಬಂದ ಅಜ್ಜಿಗೆ ರಷ್ಯಾದ ಕಪ್ಪಿನಲ್ಲೇ ಟೀ ಕೊಡಬೇಕೆಂದು ಅವಳಿಗೆ ಹೊಳೆದದ್ದು ನಿನ್ನೆ. ಹೊಳೆದ ಖುಷಿಗೆ ಅವನ ಭುಜ ಹಿಡಿದು ಅಲ್ಲಾಡಿಸಿದ್ದಳು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಕಥೆ ಪೂರಾ ಸುಳ್ಳಲ್ಲ ಎನ್ನುವುದೇ ಅವನ ಕಷ್ಟವಾಗಿತ್ತು. ಬ್ರೆಡ್ಡು ಅರ್ಧ ಮಾಡಿದ್ದು ನಿಜ. ಆ ಅಮ್ಮ, ತಮಾರಾ, ಬೆಳಿಗ್ಗೆ ಅವನ ಕೈಗೆ ನೂಲಿನ ಬಲೆಚೀಲ ತುರುಕಿ ಅಟ್ಟುತ್ತಿದ್ದಳು. ಏನು ಸಿಗುತ್ತದೆಂದು ಯಾರಿಗೂ ಗೊತ್ತಿಲ್ಲ, ಸಾಲು ಕಂಡಲ್ಲಿ ನಿಲ್ಲು, ನಿಂತ ಮೇಲೆ ಏನೆಂದು ಕೇಳು. ಅಲ್ಲಿ ಸಾಲಿಗೆ ಬಂದವನು ಮೊದಲು ‘ಕೊನೆಯವರು ಯಾರು?’ ಎಂದು ಕೇಳಬೇಕು. ಯಾರೋ ಕೈ ಎತ್ತುತ್ತಾರೆ. ‘ನಿಮ್ಮ ಹಿಂದೆ ನಾನು’ ಎನ್ನಬೇಕು. ಅಷ್ಟಾದರೆ ಆಯಿತು, ಆ ಜಾಗ ನಿಮ್ಮದು. ಬೇರೆ ಸಾಲಿಗೆ ಹೋಗಿ, ಮನೆಗೆ ಹೋಗಿ, ಪರೀಕ್ಷೆ ಬರೆದು ಬನ್ನಿ, ನಿಮ್ಮ ಮುಂದಿನವನು ನಿಮ್ಮ ಜಾಗ ಕಾಯ್ದಿರುತ್ತಾನೆ. ಮೈಸೂರಿನ ರೇಷನ್ ಅಂಗಡಿಯ ನೂಕಾಟದಲ್ಲಿ ಬೆಳೆದ ಹುಡುಗನಿಗೆ ಇದು ದೊಡ್ಡ ನಾಗರಿಕತೆ ಅನ್ನಿಸಿತ್ತು. ಅವನು ರಷ್ಯನ್ ಕಲಿತದ್ದು ಕ್ಲಾಸಿನಲ್ಲಲ್ಲ, ಸಾಲುಗಳಲ್ಲಿ. ಒಂದು ಸಂಜೆ ಸಾಬೂನು ಸಿಕ್ಕಿತೆಂಬ ಸಂಭ್ರಮಕ್ಕೆ ತಮಾರಾ ಈ ಕಪ್ಪುಗಳನ್ನು ಹೊರತೆಗೆದು ಟೀ ಸುರಿದಳು. ‘ನಿನ್ನ ಮದುವೆಗೆ ಇದನ್ನು ಕೊಡುತ್ತೇನೆ, ನನ್ನ ಹಿಂದೆ ಯಾರಿದ್ದಾರೆ?’ ಎಂದಳು. ಅದೂ ನಿಜ.

ಶೋಕೇಸಿನ ಮೇಲಿನ ಗಾಜಿನಲ್ಲಿ ತನ್ನ ಮುಖ ಕಂಡಿತು. ಐವತ್ತಾರು ವರ್ಷದ, ಕ್ಯಾನ್ಯನ್ ಪಾರ್ಕಿನ ಕಂಪನಿಯೊಂದರಲ್ಲಿ ಆಸ್ಪತ್ರೆಯ ಔಷಧಿ ಪಂಪುಗಳ ಸಾಫ್ಟ್‌ವೇರು ಪರೀಕ್ಷೆ ಮಾಡುವ, ಇನ್ನೆರಡು ಸುತ್ತು ಲೇಆಫ್ ದಾಟಿದರೆ ದೊಡ್ಡದು ಎನ್ನುವ ಮುಖ. ಶುಕ್ರವಾರ ಮ್ಯಾನೇಜರು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಷ್ಟೆ, ನೀವು ಮಾಡುವ ಕೆಲಸವನ್ನೆಲ್ಲ ಒಮ್ಮೆ ಬರೆದಿಟ್ಟುಬಿಡಿ ಎಂದು ನಗುನಗುತ್ತಾ ಹೇಳಿದ್ದ. ಇವನೂ ನಗುನಗುತ್ತಾ ಆಗಲಿ ಎಂದಿದ್ದ. ನಗುವುದನ್ನು ಅವನು ಬೆಂಗಳೂರಿನ ಮೊದಲ ಇಂಟರ್‌ವ್ಯೂನಲ್ಲೇ ಕಲಿತಿದ್ದ. ಅವನ ಡಿಗ್ರಿಯನ್ನು ಬೆರಳ ತುದಿಯಲ್ಲಿ ಹಿಡಿದು ‘ರಷ್ಯಾದ್ದಾ?’ ಎಂದು ಎದುರಿಗೆ ಕೂತ ಮೂವರು ಮುಖಮುಖ ನೋಡಿಕೊಂಡಿದ್ದರು. ಅಂದಿನಿಂದ, ಬೇರೆಯವರು ನಗುವುದಕ್ಕೆ ಮೊದಲು ತಾನೇ ನಗಿಸಿಬಿಡುವುದು ರೂಢಿಯಾಯಿತು. ಕ್ರಾಸ್‌ರೋಡ್ಸ್ ಬಡಾವಣೆಯ ಕನ್ನಡದವರ ಯಾವ ಹುಟ್ಟುಹಬ್ಬಕ್ಕೆ ಹೋದರೂ ಯಾರಾದರೂ ಒಬ್ಬರು ‘ಬದರಿ, ಆ ಬಲ್ಬಿಂದು ಹೇಳಿ’ ಎನ್ನುತ್ತಿದ್ದರು. ಸುಟ್ಟುಹೋದ ಬಲ್ಬು ಮಾರುತ್ತಿದ್ದರು ಮಾರಾಯ್ರೆ! ಯಾಕೆ ಹೇಳಿ? ಅದನ್ನು ಕೊಂಡು ಆಫೀಸಿಗೆ ಹೋಗಿ, ಅಲ್ಲಿನ ಒಳ್ಳೆ ಬಲ್ಬು ಬಿಚ್ಚಿಕೊಂಡು ಇದನ್ನು ಸಿಕ್ಕಿಸಿ ಬರೋದು! ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನು ತಟ್ಟೆ ಹಿಡಿದುಕೊಂಡು ಇನ್ನೊಂದು ವಡೆಗೆ ಕೈ ಚಾಚುತ್ತಿದ್ದ.

ಅವರು ಬಂದಾಗ ಹೊರಗೆ ಜಿನುಗುತ್ತಿತ್ತು. ಆಂಟನ್ ಎತ್ತರದ, ನಾಚಿಕೆಯ ಹುಡುಗ. ಬಾಗಿಲಲ್ಲೇ ಶೂ ಬಿಚ್ಚಿ ಗೋಡೆಗೆ ಜೋಡಿಸಿಟ್ಟ. ನೀನಾ ಲ್ವೋವ್ನಾ ಕೈಚೀಲದಿಂದ ತನ್ನದೇ ಒಂದು ಜೊತೆ ಬಟ್ಟೆಯ ಚಪ್ಪಲಿ ತೆಗೆದು ಹಾಕಿಕೊಂಡಳು. ಪುಟ್ಟ ದೇಹ, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು, ತಪ್ಪು ಹುಡುಕುವ ಮೇಡಮ್ಮಿನ ಕಣ್ಣು. ವಸಂತಲಕ್ಷ್ಮಿ ಕೈಮುಗಿದಳು, ಮುದುಕಿಯೂ ಮುಗಿದು, ಅವಳ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ವಸಂತಲಕ್ಷ್ಮಿ ಬದರಿನಾಥನ ಕಡೆ ತಿರುಗಿ ಹುಬ್ಬು ಹಾರಿಸಿದಳು, ನೋಡಿದಿರಾ ಎಷ್ಟು ಒಳ್ಳೆಯವರು ಎನ್ನುವಂತೆ. ಬದರಿನಾಥ ರಷ್ಯನ್ನಿನಲ್ಲಿ ಸ್ವಾಗತ ಹೇಳಿದ. ಮುದುಕಿ ನಿಂತು ತಲೆ ಓರೆ ಮಾಡಿ ಕೇಳಿಸಿಕೊಂಡಳು. ‘ಲೆನಿನ್‌ಗ್ರಾಡಿನ ಉಚ್ಚಾರ!’ ಎಂದಳು. ಅವನಿಗೆ ಎದೆ ತುಂಬಿ ಬಂತು. ಎಷ್ಟೋ ವರ್ಷಗಳಿಂದ ಯಾರೂ ಅವನ ಯಾವ ವಿದ್ಯೆಯನ್ನೂ ಹೀಗೆ ಗುರುತಿಸಿರಲಿಲ್ಲ. ಕೆಲಸ ಆದಂತೆಯೇ ಎಂದುಕೊಂಡ.

ಕೋಡುಬಳೆ, ಮೈಸೂರುಪಾಕು, ಆಮೇಲೆ ಟ್ರೇಯಲ್ಲಿ ಆ ಸೆಟ್ಟು. ಟ್ರೇ ಮೇಜಿನ ಮೇಲೆ ಇಳಿಯುವಾಗ ಮುದುಕಿಯ ಕೈ ಕೋಡುಬಳೆಯ ಹತ್ತಿರ ನಿಂತಿತು. ಅಕ್ಷಯಾ ಅದನ್ನು ನೋಡಿ ಚಪ್ಪಾಳೆ ತಟ್ಟಿದಳು. ‘ಅಪ್ಪಾ, ಯು ಹ್ಯಾವ್ ಟು ಟೆಲ್ ಹರ್! ಇನ್ ರಷ್ಯನ್!’ ಆಂಟನ್‌ಗೆ ಅವಳು ಮೊದಲೇ ಹೇಳಿಟ್ಟಿದ್ದಳಂತೆ. ತನಗೆ ಈ ಮನೆಯಲ್ಲಿ ಅತಿ ಇಷ್ಟದ ಕಥೆ ಇದೇ ಎಂದು ಅವನೂ ಇಂಗ್ಲಿಷಿನಲ್ಲಿ ಸೇರಿಸಿದ. ವಸಂತಲಕ್ಷ್ಮಿ ಸೆರಗಿನಿಂದ ಕೈ ಒರೆಸಿಕೊಂಡು ಕುರ್ಚಿಯ ಅಂಚಿಗೆ ಕೂತಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅವನು ಹೇಳಿದ. ನಗಿಸುವ ಜಾಗಗಳಲ್ಲಿ ನಗಿಸಲು ಹೋದ. ಬಲೆಚೀಲ ಬಂತು, ಸಾಲು ಬಂತು, ಸಾಬೂನು ಬಂತು. ವಿಚಿತ್ರವೆಂದರೆ, ಕನ್ನಡದಲ್ಲಿ ಅಷ್ಟು ಸರಾಗವಾಗಿ ಓಡುತ್ತಿದ್ದ ಕಥೆ ಆ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಎಡವಿತು. ಒಂದೊಂದು ಮಾತಿಗೂ ಅದನ್ನು ಕಲಿತ ಜಾಗ ಅಂಟಿಕೊಂಡು ಬರುತ್ತಿತ್ತು; ಬಾಯಿ ಕಥೆ ಹೇಳುತ್ತಿದ್ದರೆ ಕಣ್ಣಿಗೆ ಬೇರೆಯದೇ ಕಾಣುತ್ತಿತ್ತು. ಆ ಜನವರಿಯಲ್ಲಿ ಸರ್ಕಾರ ಬೆಲೆಗಳ ಮೇಲಿದ್ದ ಕಟ್ಟು ಬಿಚ್ಚಿತು, ಎಲ್ಲದರ ಬೆಲೆ ಆಕಾಶಕ್ಕೇರಿತು. ರಾತ್ರಿ ಬೆಳಗಾಗುವುದರಲ್ಲಿ ಅಂಗಡಿ ತುಂಬಿತು, ಸಾಲು ಮಾಯವಾಯಿತು. ಸಾಲಿನಲ್ಲಿ ನಿಲ್ಲುತ್ತಿದ್ದವರೇ ಈಗ ಮೆಟ್ರೋ ಬಾಗಿಲಲ್ಲಿ ಮತ್ತೊಂದು ಸಾಲಾಗಿ ನಿಂತರು, ಕೊಳ್ಳಲು ಅಲ್ಲ, ಮಾರಲು. ಒಬ್ಬಳ ಕೈಯಲ್ಲಿ ಒಂದು ಸ್ವೆಟರು. ಒಬ್ಬನ ಕೈಯಲ್ಲಿ ನಲ್ಲಿಯ ತಿರುಪು. ಬೆಕ್ಕಿನ ಮರಿಯನ್ನು ಕೋಟಿನೊಳಗೆ ಇಟ್ಟುಕೊಂಡ ಹೆಂಗಸು. ಯಾರೂ ಕೂಗುತ್ತಿರಲಿಲ್ಲ, ಅಭ್ಯಾಸವಿರಲಿಲ್ಲ. ಅವನೂ ಗೆಳೆಯ ಸುರೇಶನೂ ಆ ಹೊತ್ತಿಗೆ ರಜೆಗೊಮ್ಮೆ ಸಿಂಗಾಪುರಕ್ಕೆ ಹೋಗಿ ಕಂಪ್ಯೂಟರು ತಂದು ಮಾರುವ ದಂಧೆಗಿಳಿದಿದ್ದರು. ಅಲ್ಲಿನವರು ದೇಶ ಬಿಟ್ಟು ಹೋಗುವಂತಿರಲಿಲ್ಲ, ಇವರು ಹೋಗಬಹುದಿತ್ತು; ಬಂಡವಾಳ ಅಂದರೆ ಅಷ್ಟೆ. ಬೂಟು ಟಕಟಕ ಅನ್ನಿಸಿಕೊಂಡು ಮೆಟ್ರೋದಿಂದ ಹೊರಬರುವಾಗ ಆ ಸಾಲಿನ ಕೊನೆಯಲ್ಲಿ ತಮಾರಾ ನಿಂತಿದ್ದಳು. ಟೀಪಾಟನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡಿದ್ದಳು. ಕಾಲ ಬಳಿ ರಟ್ಟಿನ ಡಬ್ಬಿಯಲ್ಲಿ ಕಪ್ಪುಗಳು.

ಅವಳು ಅವನನ್ನು ನೋಡಲಿಲ್ಲ. ಅವನು ಕಂಬದ ಹಿಂದೆ ಸರಿದ. ಮೊದಲು ಅನ್ನಿಸಿದ್ದು ನಾಚಿಕೆ, ಅದು ಅವನಿಗೆ ಚೆನ್ನಾಗಿ ನೆನಪಿದೆ. ಅದರ ಬೆನ್ನಿಗೇ ಅನ್ನಿಸಿದ್ದು ಸಿಟ್ಟು. ನನಗೆ ಕೊಡುತ್ತೇನೆ ಎಂದವಳು ಯಾರಿಗೋ ಮಾರುತ್ತಿದ್ದಾಳೆ. ಜೇಬಿನಲ್ಲಿ ಡಾಲರಿತ್ತು, ಹೋಗಿ ಕೈಗೆ ತುರುಕಿ, ನಡಿ ಮನೆಗೆ ಎನ್ನಬಹುದಿತ್ತು. ಸುರೇಶನನ್ನು ಕಳಿಸಿದ. ‘ನನ್ನ ಹೆಸರು ಹೇಳ್ಬೇಡ. ಹೇಳಿದ್ದರಲ್ಲಿ ಅರ್ಧಕ್ಕೆ ಕೇಳು. ಕೊಡ್ತಾರೆ, ಚಳಿಗೆ ಎಷ್ಟೊತ್ತು ನಿಲ್ತಾರೆ?’ ಸುರೇಶ ಅರ್ಧಕ್ಕಿಂತಲೂ ಇಳಿಸಿದ. ಡಬ್ಬಿ ಸುರೇಶನ ಹಾಸ್ಟೆಲಿಗೆ ಹೋಯಿತು, ಅಲ್ಲಿಂದ ನೇರ ಊರಿಗೆ. ಆ ಸಂಜೆ ತಮಾರಾ ಕೋಳಿ ತಂದು ಬೇಯಿಸಿದ್ದಳು. ತೊಡೆಯ ತುಂಡನ್ನು ಅವನ ತಟ್ಟೆಗೆ ಹಾಕಿದಳು, ಗಾಜಿನ ಲೋಟದಲ್ಲಿ ಟೀ ಕೊಟ್ಟಳು. ‘ಸೆಟ್ಟು ಮಾರಿದೆ, ನಿನಗೆ ಮಾತು ಕೊಟ್ಟಿದ್ದೆ, ಬೇಜಾರು ಮಾಡಿಕೊಳ್ಳಬೇಡ,’ ಎಂದಳು. ‘ನಿಮ್ಮ ದೇಶದವನೇ ಒಬ್ಬ ಹುಡುಗ ತೆಗೆದುಕೊಂಡ. ಎಷ್ಟು ಚೆನ್ನಾಗಿ ಚೌಕಾಶಿ ಮಾಡುತ್ತಾನೆ ಅಂತೀಯ! ನೀನು ಅಂಥವರಿಂದ ಕಲಿತುಕೋ. ಹೀಗೆ ಮೆತ್ತಗಿದ್ದರೆ ಬರುವ ಕಾಲದಲ್ಲಿ ಉಪವಾಸ ಬೀಳುತ್ತೀಯ.’ ಅವನು ಕೋಳಿ ತಿಂದ. ಮೂಳೆಯನ್ನೂ ಬಿಡಲಿಲ್ಲ.

‘...ಆಕೆ ಅಳುತ್ತಾ ಇದನ್ನು ನನಗೆ ಕೊಟ್ಟರು. ನಿನ್ನ ಮದುವೆಗೆ ಎಂದರು,’ ಎಂದು ರಷ್ಯನ್ನಿನಲ್ಲಿ ಕಥೆ ಮುಗಿಯಿತು. ಭಾಷೆ ತಿಳಿಯದಿದ್ದರೂ ಮುಗಿದದ್ದು ತಿಳಿದು ವಸಂತಲಕ್ಷ್ಮಿ ಕಣ್ಣೊರೆಸಿಕೊಂಡಳು. ಅಕ್ಷಯಾ ಅಪ್ಪನ ತೋಳಿಗೆ ತಲೆ ಆನಿಸಿದಳು. ಹತ್ತು ವರ್ಷದಿಂದ ಅವಳು ಹಾಗೆ ಮಾಡಿರಲಿಲ್ಲ. ಈ ಸೆಟ್ಟನ್ನು ಮದುವೆಗೆ ತನಗೇ ಕೊಡುತ್ತಾರೆ ಎಂದು ಆಂಟನ್‌ನ ಅಜ್ಜಿಗೆ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು. ಮುದುಕಿ ತಲೆಯಾಡಿಸಿ, ಖಾಲಿಯಾದ ಕಪ್ಪನ್ನು ಮಗುಚಿ ಬುಡದ ಮುದ್ರೆ ನೋಡಿದಳು. ಅಷ್ಟರಲ್ಲಿ ವಸಂತಲಕ್ಷ್ಮಿ ಕೇಕು ತರುವುದು ಮರೆತಿದೆಯೆಂದು ಮಕ್ಕಳಿಬ್ಬರನ್ನೂ ಕ್ರಾಸ್‌ರೋಡ್ಸಿನ ಅಂಗಡಿಗೆ ಓಡಿಸಿದಳು. ಅದು ಅವಳ ಉಪಾಯ ಎಂದು ಬದರಿನಾಥನಿಗೆ ಗೊತ್ತಿತ್ತು. ಬಾಗಿಲು ಮುಚ್ಚಿದ ಕೂಡಲೇ ಅವನ ಕಿವಿಯ ಬಳಿ ಬಾಗಿ, ‘ಈಗ ಕೇಳಿ,’ ಎಂದು ಅಡಿಗೆಮನೆಗೆ ಹೋದಳು.

ಅವನು ಗಂಟಲು ಸರಿಮಾಡಿಕೊಂಡ. ಮುದುಕಿ ಮೊದಲು ಬಾಯಿ ತೆಗೆದಳು.

‘ಆಕೆಯ ಹೆಸರೇನು?’

‘ತಮಾರಾ.’

‘ತಮಾರಾ, ಆಮೇಲೆ?’

ಅಲ್ಲಿ ಹಿರಿಯರನ್ನು ಬರಿಯ ಹೆಸರಿನಿಂದ ಕರೆಯುವುದಿಲ್ಲ. ಅಪ್ಪನ ಹೆಸರನ್ನೂ ಸೇರಿಸಿ ಕರೆಯಬೇಕು. ಎರಡು ವರ್ಷ, ದಿನಕ್ಕೆ ಇಪ್ಪತ್ತು ಸಲ ಅವನು ಆ ಎರಡು ಹೆಸರನ್ನೂ ಕೂಡಿಸಿ ಕರೆದಿದ್ದ. ಈಗ ಎರಡನೆಯದು ಇರಲಿಲ್ಲ. ಹುಡುಕಿದ. ಕೋಳಿಯ ಸಾರಿನ ವಾಸನೆ ಬಂತು, ಕಿಟಕಿಯ ಬಿರುಕಿಗೆ ತುರುಕಿದ್ದ ಹತ್ತಿ ಕಂಡಿತು, ಹೆಸರು ಬರಲಿಲ್ಲ. ‘ಇವಾನೊವ್ನಾ,’ ಎಂದ. ಬಾಯಿಗೆ ಬಂದದ್ದು.

ಮುದುಕಿ ಕಪ್ಪನ್ನು ಬಸಿಯ ಮೇಲೆ ಇಟ್ಟಳು. ‘ನಾನು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಆ ಚಳಿಗಾಲ ಗಂಡನ ಕೋಟು ಹಿಡಿದು ಮೆಟ್ರೋ ಬಾಗಿಲಲ್ಲಿ ನಿಂತೆ. ಗಂಡ ಇನ್ನೂ ಬದುಕಿದ್ದ. ಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ನನ್ನ ಶಿಷ್ಯನೊಬ್ಬ ಬಂದು ಕೋಟಿನ ಬೆಲೆ ಕೇಳಿದ. ನನ್ನ ಗುರುತು ಸಿಕ್ಕಿತು ಅವನಿಗೆ, ಆದರೂ ಚೌಕಾಶಿ ಮಾಡಿದ.’ ಅವಳು ಕೋಡುಬಳೆಯೊಂದನ್ನು ಮುರಿದಳು. ‘ಆ ವರ್ಷ ಯಾರೂ ಯಾರಿಗೂ ಟೀ ಸೆಟ್ಟು ಉಡುಗೊರೆ ಕೊಡಲಿಲ್ಲ. ನೀವು ಇದನ್ನು ಕೊಂಡಿರಿ.’

ಬದರಿನಾಥ ನಗಲು ನೋಡಿದ. ‘ಹಾಗೇನಿಲ್ಲ...’

‘ಕೊಂಡದ್ದು ತಪ್ಪಲ್ಲ. ಮಾರಲೆಂದೇ ನಿಂತಿದ್ದೆವು. ನಮಗೆ ಸಿಟ್ಟಿದ್ದದ್ದು ಕೊಳ್ಳದೆ ಹೋದವರ ಮೇಲೆ. ಆದರೆ ಉಡುಗೊರೆ ಎಂದು ಯಾಕೆ ಹೇಳುತ್ತೀರಿ? ಆ ಹೆಂಗಸು ಅಲ್ಲಿ ನಿಂತದ್ದನ್ನೂ ಯಾಕೆ ಕಿತ್ತುಕೊಳ್ಳುತ್ತೀರಿ?’

ಅಡಿಗೆಮನೆಯ ಬಾಗಿಲಲ್ಲಿ ವಸಂತಲಕ್ಷ್ಮಿಯ ತಲೆ ಕಂಡಿತು. ‘ಏನಂತೆ ರೀ? ಒಪ್ಪಿದ್ರಾ?’

‘ಇನ್ನೂ ಆ ವಿಷಯಕ್ಕೆ ಬಂದಿಲ್ಲ. ಸೆಟ್ ಚೆನ್ನಾಗಿದೆ ಅಂತಿದಾರೆ.’

ಅವಳ ಮುಖ ಅರಳಿತು. ಬಂದು ಮುದುಕಿಯ ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿ, ಮೈಸೂರುಪಾಕಿನ ತಟ್ಟೆಯನ್ನು ಹತ್ತಿರ ಸರಿಸಿ, ತಿನ್ನಿ ತಿನ್ನಿ ಎಂದು ಸನ್ನೆ ಮಾಡಿ ಹೋದಳು. ಮುದುಕಿ ಅವಳ ಬೆನ್ನನ್ನೇ ನೋಡುತ್ತಿದ್ದಳು.

‘ಆಕೆಗೆ ಗೊತ್ತಿಲ್ಲ.’

‘ಇಲ್ಲ.’

‘ಹುಡುಗಿಗೆ?’

ಅವನು ತಲೆ ಅಲ್ಲಾಡಿಸಿದ. ತೋಳಿನ ಮೇಲೆ ಮಗಳ ತಲೆಯ ಭಾರ ಇನ್ನೂ ಇತ್ತು.

‘ಇದು ನಾಳೆ ನನ್ನ ಮೊಮ್ಮಗನ ಮನೆಗೆ ಬರುತ್ತದೆ. ಆ ಕಥೆಯೂ ಬರುತ್ತದೆ. ಆಂಟನ್ ನನ್ನನ್ನು ಕೇಳುತ್ತಾನೆ, ಅಲ್ಲಿ ಜನ ಅಷ್ಟು ಒಳ್ಳೆಯವರಿದ್ದರಾ ಎಂದು. ನಾನು ಏನು ಹೇಳಲಿ?’

‘ಹೌದು ಅನ್ನಿ,’ ಎಂದ ಬದರಿನಾಥ. ಆ ಮಾತು ಬೇಡಿಕೆಯ ದನಿಯಲ್ಲೇ ಬಂತು. ಬೆಳಿಗ್ಗೆಯಿಂದ ಬಾರದಿದ್ದ ದನಿ.

ಅವಳು ಒಂದು ಗುಟುಕು ಟೀ ಕುಡಿದಳು. ಹೊರಗೆ ಪಕ್ಕದ ಮನೆಯವನು ಎಲೆ ಊದುವ ಮೆಷಿನ್ನು ಹಾಕಿದ, ನಿಲ್ಲಿಸಿದ. ‘ಅನ್ನುತ್ತೇನೆ,’ ಎಂದಳು ಮುದುಕಿ. ‘ಆದರೆ ನೀವೂ ನನ್ನನ್ನು ಏನೋ ಕೇಳಬೇಕೆಂದಿದ್ದೀರಿ. ದೇವಸ್ಥಾನದ ಮದುವೆ. ಆಂಟನ್ ಹೇಳಿದ. ಚಿಕ್ಕಂದಿನಲ್ಲಿ ನಮ್ಮಿಂದ ದೇವರಿಲ್ಲ ಎಂದು ಹೇಳಿಸಿದರು. ಆಮೇಲೆ ಅದೇ ಜನ ಕೊರಳಿಗೆ ಶಿಲುಬೆ ಕಟ್ಟಿಕೊಂಡು ಬಂದು ದೇವರಿದ್ದಾನೆ ಎಂದರು. ಎರಡು ಸಲವೂ ತಲೆಯಾಡಿಸಿದೆ. ಇನ್ನೊಂದು ದೇವರ ಮುಂದೆ ಕೂತು ತಲೆಯಾಡಿಸಲು ನನ್ನಿಂದಾಗದು. ನೀವು ಅದನ್ನು ಕೇಳಬೇಡಿ. ನಾನು ಈ ಸೆಟ್ಟಿನದನ್ನು ಹೇಳುವುದಿಲ್ಲ.’

‘ಇದು ವ್ಯಾಪಾರ,’ ಎಂದ ಅವನು.

‘ಹೌದು. ನಮಗೂ ಕಲಿಸಿದರು. ತಡವಾಗಿ ಕಲಿತೆವು, ಆದರೆ ಚೆನ್ನಾಗಿ ಕಲಿತೆವು.’

ಅವಳ ಮುಖದಲ್ಲಿ ಕೆಡುಕಿರಲಿಲ್ಲ. ಅವನಿಗೆ ಅನ್ನಿಸಿತು, ಕೇಳಿಬಿಟ್ಟರೆ ಇವಳು ಒಪ್ಪಿದರೂ ಒಪ್ಪಿಯಾಳು. ಒಪ್ಪದೆ ಹೋದರೂ ಮಕ್ಕಳ ಮುಂದೆ ಬಾಯಿ ಬಿಡಲಿಕ್ಕಿಲ್ಲ. ಮೇಡಮ್ಮುಗಳು ಹೆದರಿಸುತ್ತಾರೆ, ಅಷ್ಟೆ. ಒಬ್ಬ ಅಪ್ಪ ಚೀಲದಲ್ಲಿ ಗಿಂಡಿ ಇಟ್ಟುಕೊಂಡು ನಿಂತಿದ್ದನ್ನು ಹೇಳಿದರೆ, ಕೋಟು ಹಿಡಿದು ನಿಂತವಳಿಗೆ ಅರ್ಥವಾಗದೆ ಹೋದೀತೇ? ವಾಕ್ಯ ಸಿದ್ಧವಾಗಿತ್ತು. ತಪ್ಪಿಲ್ಲದೆ, ಇಡಿಯಾಗಿ, ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ವಸಂತಲಕ್ಷ್ಮಿ ಒರೆಸುವ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಅವನ ತುಟಿಗಳನ್ನೇ ನೋಡುತ್ತಿದ್ದಳು. ಅವನು ಲೆಕ್ಕ ಹಾಕಿದ. ಒಂದು ಕಡೆ ಹೆಂಡತಿಯ ಎರಡು ಗಂಟೆ. ಇನ್ನೊಂದು ಕಡೆ ತೋಳಿಗೆ ತಲೆ ಆನಿಸಿದ ಮಗಳು, ತಾನು ಸಾಯುವವರೆಗೂ, ಸತ್ತ ಮೇಲೂ ಅವಳು ತನ್ನ ಮಕ್ಕಳಿಗೆ ಹೇಳುವ ಒಳ್ಳೆಯ ಅಪ್ಪನ ಕಥೆ. ಹೆಂಡತಿಗೆ ಸಹಿಸಿ ಅಭ್ಯಾಸವಿದೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು, ಮತ್ತು ತಿಳಿದೂ ಅವನು ತಡೆಯಲಿಲ್ಲ.

‘ಹಾಗೇ ಆಗಲಿ,’ ಎಂದ.

ಮುದುಕಿ ಅವನ ಕೈಯ ಮೇಲೆ ಎರಡು ಸಲ ತಟ್ಟಿದಳು. ಅವಳು ಇನ್ನಷ್ಟು ಜಗ್ಗಾಟಕ್ಕೆ ಸಿದ್ಧಳಾಗಿ ಬಂದಿದ್ದಳೋ ಏನೋ. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಸ್ವಲ್ಪ ಅಸಹ್ಯವಿತ್ತು.

‘ಒಪ್ಲಿಲ್ಲ ಕಣೇ,’ ಎಂದು ಅವನು ಬಾಗಿಲ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. ‘ಎಷ್ಟು ಹೇಳಿದ್ರೂ ಒಪ್ತಿಲ್ಲ. ದೇವರು ದಿಂಡ್ರು ಅಂದ್ರೆ ಆಗಲ್ವಂತೆ. ತುಂಬಾ ಒತ್ತಾಯ ಮಾಡಿದ್ರೆ ಮದುವೆಗೇ ಕಲ್ಲು ಬೀಳತ್ತೆ.’ ಕೊನೆಯ ಮಾತು ಯಾಕೆ ಸೇರಿಸಿದನೆಂದು ಅವನಿಗೇ ತಿಳಿಯಲಿಲ್ಲ. ವಸಂತಲಕ್ಷ್ಮಿ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಮುದುಕಿಯ ಹತ್ತಿರ ಬಂದು, ಪರವಾಗಿಲ್ಲ ಎನ್ನುವಂತೆ ಅವಳ ಕೈ ಹಿಡಿದುಕೊಂಡು ನಕ್ಕಳು. ನೀನಾ ಲ್ವೋವ್ನಾ ಆ ಕೈಯನ್ನೂ ಬದರಿನಾಥನ ಮುಖವನ್ನೂ ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿಕೊಂಡಳು. ಮಕ್ಕಳು ಕೇಕು ತಂದರು. ಕೇಕು ಕತ್ತರಿಸಿದರು. ಹೊರಡುವಾಗ ಮುದುಕಿ ತನ್ನ ಬಟ್ಟೆಯ ಚಪ್ಪಲಿಗಳನ್ನು ಮರೆಯದೆ ಚೀಲಕ್ಕೆ ಹಾಕಿಕೊಂಡಳು. ಅಕ್ಷಯಾಳೂ ಅವರ ಕಾರಿನಲ್ಲೇ ಹೋದಳು.

ವಸಂತಲಕ್ಷ್ಮಿ ಅಳಲಿಲ್ಲ. ಪಾತ್ರೆ ತೊಳೆದು, ಸಂಜೆಗೆ ಬಿಸಿ ಅನ್ನ ಮಾಡಿ, ಮಧ್ಯಾಹ್ನದ ಸಾರು ಕಾಯಿಸಿ ಇಬ್ಬರಿಗೂ ತಟ್ಟೆ ಹಾಕಿದಳು. ಅವನು ತಲೆ ತಗ್ಗಿಸಿ ಕಲಸತೊಡಗಿದ. ಬೈದರೆ ಚೆನ್ನಾಗಿತ್ತು, ನಿಮ್ಮ ರಷ್ಯಾ ಇಷ್ಟೇನಾ ಎಂದು ಹಂಗಿಸಿದರೆ ಇನ್ನೂ ಚೆನ್ನಾಗಿತ್ತು. ಅವಳು ಎದುರಿನ ಕುರ್ಚಿಯಲ್ಲಿ ಕೂತು ಅವನನ್ನು ನೋಡುತ್ತಿದ್ದಳು.

‘ಹೋಗ್ಲಿ ಬಿಡಿ,’ ಎಂದಳು. ‘ನಂಗೆ ಭಾಷೆ ಬರ್ದೆ ಇದ್ರೂ ಮುಖ ಕಾಣ್ತಿತ್ತಲ್ಲ. ಎಷ್ಟು ಬೇಡ್ಕೊಂಡ್ರಿ ಪಾಪ. ಹಣೆಯೆಲ್ಲ ಬೆವರ್ತಿತ್ತು ನಿಮಗೆ. ನನಗೋಸ್ಕರ ನೀವು ಯಾರ ಹತ್ರನೂ ಹಾಗೆ ಬೇಡಿದ್ದು ನಾನು ಕಂಡೇ ಇರ್ಲಿಲ್ಲ. ನಂಗೆ ಅಷ್ಟು ಸಾಕು.’ ತುಪ್ಪದ ಗಿಣ್ಣಲನ್ನು ಎತ್ತಿಕೊಂಡಳು. ‘ಇನ್ನೊಂಚೂರು ಹಾಕ್ಲಾ?’

‘ಹಾಕು,’ ಎಂದು ಬದರಿನಾಥ ತಟ್ಟೆಯನ್ನು ಮುಂದಕ್ಕೆ ಸರಿಸಿದ.